ಯಾವ ರಾಜ್ಯ ಶ್ರೀಮಂತ, ಯಾವ ಜಿಲ್ಲೆ ಬಡ: ಹೋಲಿಸುವ ಮೊದಲು ಯಾವ ಲೆಕ್ಕ ಹಿಡಿಯಬೇಕು?

ಗುಜರಾತ್ ಶ್ರೀಮಂತವೋ, ಕೇರಳವೋ? 2023-24ರಲ್ಲಿ ಗುಜರಾತಿನ ತಲಾ ಆದಾಯ ದೇಶದ ಸರಾಸರಿಯ ಶೇ 160ರಷ್ಟಿತ್ತು. ಕೇರಳದ್ದು ಶೇ 152. ಈ ಲೆಕ್ಕದಲ್ಲಿ ಗುಜರಾತ್ ಮುಂದೆ. ಅದೇ ವರ್ಷ ಕೇಂದ್ರದ ಸಾಂಖ್ಯಿಕ ಕಚೇರಿಯವರು ದೇಶದ 2.61 ಲಕ್ಷ ಮನೆಗಳಿಗೆ ಹೋಗಿ, ತಿಂಗಳಿಗೆ ಏನೇನು ಖರ್ಚು ಮಾಡ್ತೀರಿ ಅಂತ ಕೇಳಿದರು. ಗುಜರಾತಿನ ಹಳ್ಳಿಯಲ್ಲಿ ಒಬ್ಬರ ತಿಂಗಳ ಖರ್ಚು 4,116 ರೂಪಾಯಿ. ಇಡೀ ದೇಶದ ಹಳ್ಳಿಗಳ ಸರಾಸರಿ 4,122. ಹೆಚ್ಚು ಕಡಿಮೆ ಒಂದೇ. ಕೇರಳದ ಹಳ್ಳಿಯಲ್ಲಿ 6,611.

ಎರಡೂ ಸರ್ಕಾರಿ ಅಂಕಿಗಳೇ, ಎರಡೂ ಸುಳ್ಳಲ್ಲ. ಒಂದು, ಆ ನೆಲದ ಮೇಲೆ ಎಷ್ಟು ಮೌಲ್ಯ ಹುಟ್ಟಿತು ಅಂತ ಹೇಳುತ್ತದೆ. ಇನ್ನೊಂದು, ಅಲ್ಲಿನ ಮನೆಗಳು ಎಷ್ಟು ಖರ್ಚು ಮಾಡಿದವು ಅಂತ ಹೇಳುತ್ತದೆ. ನಾವು ಟಿವಿ ಚರ್ಚೆಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಪರೀಕ್ಷೆಯ ಉತ್ತರದಲ್ಲಿ ಮೊದಲನೆಯದನ್ನು ಎತ್ತಿಕೊಂಡು ಎರಡನೆಯದರ ಬಗ್ಗೆ ತೀರ್ಪು ಕೊಡ್ತೀವಿ. ಎಡವೋದು ಅಲ್ಲೇ. ಹಾಗಾಗಿ ಯಾವ ಪ್ರಶ್ನೆಗೆ ಯಾವ ಅಳತೆ ಸರಿ, ಯಾವುದು ಎಲ್ಲಿ ಕೈಕೊಡುತ್ತದೆ ಅನ್ನೋದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಒಟ್ಟು ಉತ್ಪನ್ನ: ಗಾತ್ರ ತಿಳಿಯೋಕೆ ಮಾತ್ರ

ಜಿಎಸ್‌ಡಿಪಿ ಅಂದರೆ ಒಂದು ರಾಜ್ಯದ ಗಡಿಯೊಳಗೆ ಒಂದು ವರ್ಷದಲ್ಲಿ ಹುಟ್ಟಿದ ಒಟ್ಟು ಮೌಲ್ಯ. ಮಹಾರಾಷ್ಟ್ರ ಇದರಲ್ಲಿ ದೇಶಕ್ಕೆ ಮೊದಲು, ತಮಿಳುನಾಡು ಎರಡನೆಯದು. ಅವೆರಡರ ಬೆನ್ನಿಗೇ ಕರ್ನಾಟಕ, ಉತ್ತರ ಪ್ರದೇಶ, ಗುಜರಾತ್ ಹತ್ತಿರ ಹತ್ತಿರದಲ್ಲಿವೆ. ಉತ್ತರ ಪ್ರದೇಶದ ಜನಸಂಖ್ಯೆ ಕರ್ನಾಟಕದ ಮೂರು ಪಟ್ಟಿಗಿಂತ ಜಾಸ್ತಿ. ಇಷ್ಟು ಗೊತ್ತಾದರೆ ಸಾಕು, ಈ ಅಂಕಿ ಇಟ್ಟುಕೊಂಡು ಜನರ ಬದುಕನ್ನು ಹೋಲಿಸಬಾರದು ಅನ್ನೋದು ತಾನಾಗಿ ಅರ್ಥವಾಗುತ್ತದೆ.

ನಮ್ಮ ಜಿಲ್ಲೆಗಳಲ್ಲೂ ಇದೇ ಕಥೆ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಬೆಳಗಾವಿಯ ಪಾಲು ಮೇಲಿನ ಸಾಲಿನಲ್ಲಿದೆ. ಕೊಡಗಿನದು ತೀರಾ ಕೆಳಗಿನ ಸಾಲಿನಲ್ಲಿದೆ. ಆದರೆ 2011ರ ಜನಗಣತಿಯಲ್ಲಿ ಬೆಳಗಾವಿಯ ಜನ 47 ಲಕ್ಷ ದಾಟಿದ್ದರು, ಕೊಡಗಿನವರು ಐದೂವರೆ ಲಕ್ಷ. ತಲೆಗೆ ಹಂಚಿದ ಕೂಡಲೇ ಎರಡರ ಜಾಗ ಅದಲು ಬದಲಾಗುತ್ತದೆ.

ಒಟ್ಟು ಉತ್ಪನ್ನ ಬೇಕಾಗೋದು ವ್ಯಾಪಾರದವರಿಗೆ. ಗೋದಾಮು ಎಲ್ಲಿ ಕಟ್ಟಬೇಕು, ಡೀಲರ್‌ಶಿಪ್ ಎಲ್ಲಿ ಕೊಡಬೇಕು ಅನ್ನುವವರು ಮಾರುಕಟ್ಟೆಯ ಗಾತ್ರ ನೋಡಲಿ. ಸರ್ಕಾರದ ಸಾಲ ಹೆಚ್ಚಾಯಿತೋ ಇಲ್ಲವೋ ಅಂತ ಅಳೆಯೋಕೂ ಇದೇ ಬೇಕು.

ತಲಾ ಆದಾಯ: ಹೆಸರಿನಲ್ಲಿ ಆದಾಯ, ಒಳಗೆ ಉತ್ಪನ್ನ

ಪತ್ರಿಕೆಯಲ್ಲಿ ತಲಾ ಆದಾಯ ಅಂತ ಬರುವುದು ಏನು? ರಾಜ್ಯದ ಒಟ್ಟು ಉತ್ಪನ್ನದಲ್ಲಿ ಯಂತ್ರ, ಕಟ್ಟಡಗಳ ಸವಕಳಿ ಕಳೆದು, ಉಳಿದದ್ದನ್ನು ಜನಸಂಖ್ಯೆಯಿಂದ ಭಾಗಿಸಿದ ಅಂಕಿ. ಅದು ಯಾರ ಜೇಬಿಗೂ ಬಂದ ದುಡ್ಡಿನ ಸರಾಸರಿ ಅಲ್ಲ. ಕಾರ್ಖಾನೆ ಈ ರಾಜ್ಯದಲ್ಲಿದ್ದು ಮಾಲೀಕರು ಮುಂಬೈಯಲ್ಲಿದ್ದರೂ ಲಾಭವೆಲ್ಲ ಈ ರಾಜ್ಯದ ತಲಾ ಆದಾಯದಲ್ಲೇ ಕೂರುತ್ತದೆ. ಮಗ ದುಬೈಯಲ್ಲಿ ದುಡಿದು ಮನೆಗೆ ಕಳಿಸಿದ ದುಡ್ಡು ಮಾತ್ರ ಇದರಲ್ಲಿ ಸೇರುವುದೇ ಇಲ್ಲ.

ಕೇರಳದ ಒಗಟು ಬಿಡೋದು ಇಲ್ಲಿ. ಆ ರಾಜ್ಯದ 2023ರ ವಲಸೆ ಸಮೀಕ್ಷೆ ಪ್ರಕಾರ ಹೊರದೇಶದಿಂದ ಬಂದ ಹಣ 2.16 ಲಕ್ಷ ಕೋಟಿ ರೂಪಾಯಿ. ಇದು ರಾಜ್ಯದ ನಿವ್ವಳ ಉತ್ಪನ್ನದ ಕಾಲು ಭಾಗಕ್ಕೆ ಹತ್ತಿರ. ಆ ದುಡ್ಡಿನಲ್ಲಿ ಮನೆ ಕಟ್ಟಿದರೆ ಕಟ್ಟಡದ ಕೆಲಸ ಉತ್ಪನ್ನದಲ್ಲಿ ಸೇರುತ್ತದೆ. ಬಂದ ದುಡ್ಡು ಆದಾಯವಾಗಿ ಸೇರುವುದಿಲ್ಲ.

ನಮ್ಮಲ್ಲಿ ಇದನ್ನು ಇನ್ನೂ ಹತ್ತಿರದಿಂದ ನೋಡಬಹುದು. ರಾಯಚೂರು ಜಿಲ್ಲೆ ತೆಗೆದುಕೊಳ್ಳಿ. ಲೆಕ್ಕಕ್ಕೆ ಅಂತ ದೇವದುರ್ಗ ತಾಲ್ಲೂಕಿನ ಒಂದು ಮನೆ ಇಟ್ಟುಕೊಳ್ಳೋಣ. ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಕಟ್ಟಡದ ಕೆಲಸ, ಇಬ್ಬರದೂ ಸೇರಿ ತಿಂಗಳಿಗೆ 30,000 ರೂಪಾಯಿ ಕೂಲಿ ಅಂತಿಟ್ಟುಕೊಳ್ಳಿ. ಆರು ತಿಂಗಳಿಗೆ 1,80,000. ಇಷ್ಟೂ ಬೆಂಗಳೂರು ನಗರ ಜಿಲ್ಲೆಯ ಉತ್ಪನ್ನದಲ್ಲಿ ಬರೆಯಲ್ಪಡುತ್ತದೆ, ಯಾಕೆಂದರೆ ಗೋಡೆ ಎದ್ದಿದ್ದು ಅಲ್ಲಿ. ಶೆಡ್ಡಿನಲ್ಲಿದ್ದು, ಹೊಟ್ಟೆ ಕಟ್ಟಿ 90,000 ಉಳಿಸಿ ಊರಿಗೆ ತರುತ್ತಾರೆ. ಸಾಲ ತೀರಿಸುತ್ತಾರೆ, ಬೀಜ ಗೊಬ್ಬರಕ್ಕೆ ಹಾಕುತ್ತಾರೆ, ಅವ್ವನ ಔಷಧಿಗೆ ಕೊಡುತ್ತಾರೆ. ರಾಯಚೂರು ಜಿಲ್ಲೆಯ ತಲಾ ಆದಾಯದಲ್ಲಿ ಈ 90,000 ಎಲ್ಲೂ ಇಲ್ಲ. ಜನಸಂಖ್ಯೆ ಲೆಕ್ಕದಲ್ಲಿ ಮಾತ್ರ ಇಂಥ ಮನೆಯವರು ಸಾಮಾನ್ಯವಾಗಿ ಊರಿನವರಾಗಿಯೇ ಉಳಿಯುತ್ತಾರೆ.

ಈಗ ಅದೇ ಜಿಲ್ಲೆಯ ಇನ್ನೊಂದು ಬದಿ ನೋಡಿ. ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ಶಾಖೋತ್ಪನ್ನ ಕೇಂದ್ರ ಇದೆ. ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಅಲ್ಲಿ ಹುಟ್ಟುವ ಮೌಲ್ಯ ರಾಯಚೂರಿನ ಉತ್ಪನ್ನ. ಕರೆಂಟು ರಾಜ್ಯಕ್ಕೆಲ್ಲ ಹೋಗುತ್ತದೆ. ಲಾಭ ನಷ್ಟವೆಲ್ಲ ಸರ್ಕಾರಿ ಕಂಪನಿಯ ಖಾತೆಗೆ. ಹಾರುಬೂದಿ ಮಾತ್ರ ಸುತ್ತಲಿನ ಹಳ್ಳಿಗಳಿಗೆ. ಅಂದರೆ ಒಂದೇ ಅಂಕಿ ಒಂದು ಕಡೆ ಜನರ ದುಡಿಮೆಯನ್ನು ಬಿಟ್ಟಿದೆ, ಇನ್ನೊಂದು ಕಡೆ ಜನರಿಗೆ ಸೇರದ್ದನ್ನು ಸೇರಿಸಿಕೊಂಡಿದೆ. ರಾಯಚೂರಿನ ಮನೆಗಳು ಹೇಗಿವೆ ಅಂತ ತಿಳಿಯಬೇಕಾದವರು ಇದನ್ನು ನಂಬಿ ಕೂರಬಾರದು.

ಗಣಿ ಜಿಲ್ಲೆಗಳಲ್ಲಿ ಇನ್ನೊಂದು ತೊಂದರೆ ಇದೆ. ಬಳ್ಳಾರಿಯಲ್ಲಿ ಅಗೆದು ಸಾಗಿಸಿದ ಅದಿರು ಆ ವರ್ಷದ ಉತ್ಪನ್ನವಾಗುತ್ತದೆ. ಯಂತ್ರದ ಸವಕಳಿಯನ್ನು ಕಳೆಯುತ್ತಾರೆ, ಖಾಲಿಯಾದ ಗುಡ್ಡವನ್ನು ಕಳೆಯುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಹಾಗೆ ಒಂದು ಆದೇಶ ಬಂದರೆ ಜಿಲ್ಲೆಯ ಅಂಕಿ ಮೇಲೆ ಕೆಳಗೆ ಆಗಿಬಿಡುತ್ತದೆ. ಇಂಥ ಜಿಲ್ಲೆಗಳನ್ನು ಒಂದು ವರ್ಷದ ಅಂಕಿಯಿಂದ ಹೋಲಿಸಲೇಬೇಡಿ. ಕನಿಷ್ಠ ಮೂರು ವರ್ಷದ ಸರಾಸರಿ ನೋಡಿ.

ಹಾಗಂತ ತಲಾ ಆದಾಯ ಸುಮ್ನೆ ಬಿಸಾಡುವ ವಸ್ತುವಲ್ಲ. ಹತ್ತಾರು ವರ್ಷಗಳ ಏರಿಳಿತ ನೋಡೋಕೆ ಇದಕ್ಕಿಂತ ಒಳ್ಳೆಯ ಅಂಕಿ ನಮ್ಮ ಹತ್ತಿರ ಇಲ್ಲ. ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿ 2024ರಲ್ಲಿ 1960-61ರಿಂದ ಈಚಿನ ಲೆಕ್ಕ ಪ್ರಕಟಿಸಿತು. ಪಶ್ಚಿಮ ಬಂಗಾಳದ ತಲಾ ಆದಾಯ 1960-61ರಲ್ಲಿ ದೇಶದ ಸರಾಸರಿಯ ಶೇ 127ರಷ್ಟಿತ್ತು. 2023-24ಕ್ಕೆ ಶೇ 84ಕ್ಕಿಳಿಯಿತು. ಹಸಿರು ಕ್ರಾಂತಿಯ ಕಾಲದಲ್ಲಿ ಶೇ 169 ಇದ್ದ ಪಂಜಾಬ್ ಈಗ ಶೇ 107ರ ಹತ್ತಿರ. ಕರ್ನಾಟಕ ಶೇ 180 ಮುಟ್ಟಿದೆ. 1991ಕ್ಕಿಂತ ಮೊದಲು ದಕ್ಷಿಣದ ರಾಜ್ಯಗಳು ಹೇಳಿಕೊಳ್ಳುವಂಥ ಓಟವನ್ನೇನೂ ಓಡಿರಲಿಲ್ಲ. ಈಗ ಐದು ರಾಜ್ಯಗಳು ಸೇರಿ ದೇಶದ ಉತ್ಪನ್ನದ ಶೇ 30ರಷ್ಟು ಕೊಡುತ್ತಿವೆ. ಇಂಥ ದೊಡ್ಡ ತಿರುವು ಕಾಣೋದು ಈ ಅಂಕಿಯಲ್ಲೇ.

ಬಳಸುವ ಮೊದಲು ನೋಡಬೇಕಾದ್ದು

ಮೊದಲನೆಯದು ಬೆಲೆ. 2024-25ರಲ್ಲಿ ದೊಡ್ಡ ರಾಜ್ಯಗಳ ಪೈಕಿ ತಲಾ ಆದಾಯದಲ್ಲಿ ಯಾರು ಮೊದಲು? 2011-12ರ ಸ್ಥಿರ ಬೆಲೆಯಲ್ಲಿ, ಅಂದರೆ ಬೆಲೆ ಏರಿಕೆ ಬಿಟ್ಟು ಆ ವರ್ಷದ ಬೆಲೆಯಲ್ಲೇ ಲೆಕ್ಕ ಹಾಕಿದರೆ, ಕರ್ನಾಟಕ, 2.04 ಲಕ್ಷ ರೂಪಾಯಿ. ತೆಲಂಗಾಣ 1.88 ಲಕ್ಷ. ಚಾಲ್ತಿ ಬೆಲೆಯಲ್ಲಿ, ಅಂದರೆ ಅದೇ ವರ್ಷದ ಬೆಲೆಯಲ್ಲಿ, ತೆಲಂಗಾಣ 3.87 ಲಕ್ಷ, ಕರ್ನಾಟಕ 3.80 ಲಕ್ಷ. ಎರಡೂ ರಾಜ್ಯದವರು ನಾವೇ ಮೊದಲು ಅಂತ ಹೇಳಬಹುದು, ಇಬ್ಬರ ಕೈಯಲ್ಲೂ ಸರ್ಕಾರಿ ಕಾಗದ ಇರುತ್ತದೆ. ಒಂದೇ ವರ್ಷದ ಎರಡು ರಾಜ್ಯ ಹೋಲಿಸುವಾಗ ಚಾಲ್ತಿ ಬೆಲೆ ಸಾಕು. ವರ್ಷದಿಂದ ವರ್ಷಕ್ಕೆ ಬೆಳವಣಿಗೆ ನೋಡುವಾಗ ಸ್ಥಿರ ಬೆಲೆಯೇ ಬೇಕು. ಎರಡನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಿದರೆ ಎಲ್ಲ ಕೆಟ್ಟಿತು. ಸವಕಳಿ ಕಳೆದ ಅಂಕಿಯನ್ನು ಕಳೆಯದ ಅಂಕಿಯ ಪಕ್ಕ ಇಡುವುದೂ ಅಷ್ಟೇ ತಪ್ಪು. ಹೀಗೆ ಬೆರೆಸಿದ ಪಟ್ಟಿಗಳು ಪರೀಕ್ಷೆ ಬರೆಯುವ ಹುಡುಗರ ನೋಟ್ಸಿನಲ್ಲಿ ತುಂಬಾ ಓಡಾಡುತ್ತಿವೆ.

ಎರಡನೆಯದು ಜನಸಂಖ್ಯೆ. ಕೊನೆಯ ಜನಗಣತಿ ಆಗಿದ್ದು 2011ರಲ್ಲಿ. ಅಲ್ಲಿಂದ ಈಚೆಗೆ ಭಾಗಿಸುತ್ತಿರುವುದು ಅಂದಾಜಿನ ಜನಸಂಖ್ಯೆಯಿಂದ. ಬೆಂಗಳೂರಿನಂಥ ಊರಿಗೆ ಅಂದಾಜಿಗಿಂತ ಜಾಸ್ತಿ ಜನ ಬಂದಿದ್ದರೆ ಅದರ ತಲಾ ಆದಾಯ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಜನ ಬಿಟ್ಟು ಹೋದ ಜಿಲ್ಲೆಯದು ಕಡಿಮೆ ಕಾಣುತ್ತದೆ. 2027ರ ಜನಗಣತಿ ಬಂದ ಮೇಲೆ ಹಲವು ಜಿಲ್ಲೆಗಳ ಜಾಗ ಬದಲಾದರೆ ಗಾಬರಿ ಬೇಡ.

ಮೂರನೆಯದು ಅಂಕಿ ಹುಟ್ಟುವ ರೀತಿ. ಜಿಲ್ಲೆಯ ಬೆಳೆಯ ಲೆಕ್ಕ ಹೊಲದ ಬೆಳೆ ಕಟಾವು ಪ್ರಯೋಗದಿಂದ ಮೇಲಕ್ಕೆ ಬರುತ್ತದೆ, ಅದಕ್ಕೆ ಬುಡ ಇದೆ. ರೈಲ್ವೆ, ಬ್ಯಾಂಕು, ವಿಮೆಯಂಥವನ್ನು ಮೇಲಿನ ಒಟ್ಟು ಮೊತ್ತದಿಂದ ಯಾವುದೋ ಒಂದು ಸೂಚಕ ಹಿಡಿದು ಕೆಳಕ್ಕೆ ಹಂಚುತ್ತಾರೆ. ಹಾಗಾಗಿ ಅಕ್ಕಪಕ್ಕದ ಎರಡು ಜಿಲ್ಲೆಗಳ ನಡುವೆ ಹತ್ತು ಸಾವಿರ ರೂಪಾಯಿ ವ್ಯತ್ಯಾಸ ಕಂಡರೆ ಅದರ ಮೇಲೆ ವಾದ ಕಟ್ಟಬೇಡಿ. ಬೆಂಗಳೂರು ನಗರಕ್ಕೂ ಕಲಬುರಗಿಗೂ ಇರುವ ಸುಮಾರು ಐದು ಪಟ್ಟಿನ ಅಂತರ ಬೇರೆ ಮಾತು. ಅದು ಲೆಕ್ಕದ ತಪ್ಪಿನಿಂದ ಹುಟ್ಟುವಷ್ಟು ಚಿಕ್ಕದಲ್ಲ.

ಮನೆ ಖರ್ಚು: ನಾನು ಮೊದಲು ತೆಗೆಯುವ ಪುಟ

ಜನರ ಬದುಕು ಹೋಲಿಸಬೇಕು ಅಂದರೆ ನಾನು ಮೊದಲು ನೋಡೋದು ಕುಟುಂಬಗಳ ಬಳಕೆ ವೆಚ್ಚದ ಸಮೀಕ್ಷೆ. ಇದರಲ್ಲಿ ಹಳ್ಳಿ ಮತ್ತು ಪಟ್ಟಣ ಬೇರೆ ಬೇರೆ ಸಿಗುತ್ತವೆ. ಆ ಒಂದು ಕಾರಣಕ್ಕೇ ಇದು ತಲಾ ಆದಾಯಕ್ಕಿಂತ ಎಷ್ಟೋ ಮೇಲು. 2023-24ರಲ್ಲಿ ಕರ್ನಾಟಕದ ಹಳ್ಳಿಯಲ್ಲಿ ಒಬ್ಬರ ತಿಂಗಳ ಖರ್ಚು 4,903 ರೂಪಾಯಿ, ಪಟ್ಟಣದಲ್ಲಿ 8,076. ತಮಿಳುನಾಡಿನ ಹಳ್ಳಿಯಲ್ಲಿ 5,701. ಪಂಜಾಬಿನ ಹಳ್ಳಿಯಲ್ಲಿ 5,817. ತಲಾ ಆದಾಯದಲ್ಲಿ ನಾವು ಪಂಜಾಬನ್ನು ಎಷ್ಟೋ ಹಿಂದೆ ಹಾಕಿದ್ದೇವೆ, ತಮಿಳುನಾಡಿಗಿಂತಲೂ ಮುಂದಿದ್ದೇವೆ. ಹಳ್ಳಿಯ ಮನೆಗಳಲ್ಲಿ ಮಾತ್ರ ಇಬ್ಬರಿಗಿಂತಲೂ ಹಿಂದೆ. ಪಟ್ಟಣದವರು ಹಳ್ಳಿಯವರಿಗಿಂತ ಶೇ 65ರಷ್ಟು ಹೆಚ್ಚು ಖರ್ಚು ಮಾಡುವ ರಾಜ್ಯ ನಮ್ಮದು. ಕೇರಳದಲ್ಲಿ ಈ ಅಂತರ ಶೇ 20ನ್ನೂ ಮುಟ್ಟುವುದಿಲ್ಲ.

ದೇಶಕ್ಕೇ ಮೊದಲು ಅನ್ನುವ ತಲಾ ಆದಾಯದ ಸುದ್ದಿ ಬಂದಾಗ ಮುಖಪುಟದಲ್ಲಿ ಬರುತ್ತದೆ. ಈ 4,903 ಅದರ ಪಕ್ಕದಲ್ಲೇ ಅಚ್ಚಾಗಬೇಕು ಅನ್ನೋದು ನನ್ನ ಆಸೆ.

ಸರ್ಕಾರದಿಂದ ಮನೆಗೆ ಬರುವ ದುಡ್ಡೂ ಇಲ್ಲಿ ಕಾಣುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ರಾಜ್ಯದ ಉತ್ಪನ್ನವಲ್ಲ, ಅದು ವರ್ಗಾವಣೆ. ಮನೆಯಾಕೆ ಅದರಲ್ಲಿ ಎಣ್ಣೆ, ಬೇಳೆ, ಮಕ್ಕಳ ಬಟ್ಟೆ ತಂದರೆ ಖರ್ಚಿನಲ್ಲಿ ಬರುತ್ತದೆ.

ಇದರ ದೋಷಗಳೂ ಸಣ್ಣವಲ್ಲ. ಉಳಿತಾಯ ಇದರಲ್ಲಿ ಕಾಣುವುದಿಲ್ಲ. ದುಡಿದು ಕೂಡಿಡುವ ಮನೆ, ದುಡಿದು ಖರ್ಚು ಮಾಡುವ ಮನೆಗಿಂತ ಬಡವಾಗಿ ಕಾಣುತ್ತದೆ. ಗುಜರಾತಿನ ಅಂಕಿ ಓದುವಾಗ ಇದನ್ನು ಮನಸ್ಸಿನಲ್ಲಿಡಬೇಕು. ಆಸ್ಪತ್ರೆಗೆ ಸುರಿದ ದುಡ್ಡೂ ಖರ್ಚೇ. ವಯಸ್ಸಾದವರು ಹೆಚ್ಚಿರುವ ಕೇರಳದಲ್ಲಿ ಔಷಧಿಯ ಬಿಲ್ಲು ಸಮೃದ್ಧಿಯ ಹಾಗೆ ಕಾಣಬಹುದು. ತೀರಾ ಶ್ರೀಮಂತರು ಇಂಥ ಸಮೀಕ್ಷೆಗೆ ಬಾಗಿಲು ತೆರೆಯುವುದು ಕಡಿಮೆ. ಮತ್ತೆ ಈ ರೂಪಾಯಿಗಳು ಊರೂರಿನ ಬೆಲೆಗೆ ಸರಿಹೊಂದಿಸಿದವಲ್ಲ. ಬೆಲೆ ಎಷ್ಟು ಬೇರೆ ಇರುತ್ತದೆ ಅನ್ನೋಕೆ ಹಳೆಯ ಬಡತನ ರೇಖೆ ನೋಡಿ. 2011-12ರಲ್ಲಿ ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ ಒಡಿಶಾದ ಹಳ್ಳಿಗೆ ತಿಂಗಳಿಗೆ 695 ರೂಪಾಯಿ ಇಟ್ಟಿದ್ದರು, ಕರ್ನಾಟಕದ ಹಳ್ಳಿಗೆ 902. ಅದೇ ಬದುಕಿಗೆ ನಮ್ಮಲ್ಲಿ ಶೇ 30ರಷ್ಟು ಜಾಸ್ತಿ ದುಡ್ಡು ಬೇಕು ಅಂತ ಅರ್ಥ.

ಈ ಸಮೀಕ್ಷೆಯಲ್ಲಿ ಪುಕ್ಕಟೆ ಸಿಕ್ಕ ಅಕ್ಕಿ, ಸಮವಸ್ತ್ರಗಳ ಬೆಲೆ ಸೇರಿಸಿದ ಪಟ್ಟಿ ಒಂದು, ಸೇರಿಸದ ಪಟ್ಟಿ ಒಂದು ಇದೆ. ಮೇಲೆ ನಾನು ಕೊಟ್ಟಿರುವುದೆಲ್ಲ ಸೇರಿಸದ ಪಟ್ಟಿಯದು.

ಬಡತನ ಮತ್ತು ತಾಲ್ಲೂಕು: ಅನುದಾನ ಕೇಳುವವರಿಗೆ

ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಕೆಳಗಿನವರ ಕಥೆ ಹೇಳುವುದಿಲ್ಲ. ಅದಕ್ಕೆ ನೀತಿ ಆಯೋಗದ ಬಹುಆಯಾಮ ಬಡತನ ಸೂಚ್ಯಂಕ ಇದೆ. ಪೌಷ್ಟಿಕತೆ, ಶಾಲೆ, ಅಡುಗೆ ಇಂಧನ, ಶೌಚಾಲಯ, ನೀರು, ವಸತಿ ಹೀಗೆ 12 ಅಂಶ ನೋಡುತ್ತದೆ. 2019-21ರ ಅಂಕಿಯಲ್ಲಿ ದೇಶದ ಶೇ 15ರಷ್ಟು ಜನ ಇದರ ಪ್ರಕಾರ ಬಡವರು. ಬಿಹಾರದಲ್ಲಿ ಶೇ 34, ಗುಜರಾತಿನಲ್ಲಿ ಶೇ 11.7, ಕರ್ನಾಟಕದಲ್ಲಿ ಶೇ 7.6, ಕೇರಳದಲ್ಲಿ ಶೇ 1ಕ್ಕಿಂತ ಕಡಿಮೆ. ಕರ್ನಾಟಕದ ಒಳಗೆ ಹೋದರೆ ಯಾದಗಿರಿಯಲ್ಲಿ ಸುಮಾರು ಕಾಲು ಭಾಗ ಜನ.

ಇನ್ನೂ ಕೆಳಗಿಳಿದರೆ ತಾಲ್ಲೂಕು. ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆಯೋಕೆ ರಚಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ 35 ಸೂಚಕ ಹಿಡಿದು ಆಗಿನ 175 ತಾಲ್ಲೂಕುಗಳನ್ನು ಅಳೆಯಿತು. 114 ಹಿಂದುಳಿದವು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 26 ಉತ್ತರ ಕರ್ನಾಟಕದವು, 21 ಆಗಿನ ಗುಲ್ಬರ್ಗಾ ವಿಭಾಗದ್ದೇ. ಉಳಿದ 13 ದಕ್ಷಿಣದವು. ಜಿಲ್ಲೆಯ ಅಂಕಿ ಮಾತ್ರ ಹಿಡಿದಿದ್ದರೆ ಈ 13 ಎಂದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಪಟ್ಟಿ ಹಳೆಯದಾಯಿತು, ತಾಲ್ಲೂಕುಗಳೂ ಒಡೆದು ಹೆಚ್ಚಾಗಿವೆ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ನೇತೃತ್ವದಲ್ಲಿ ಹೊಸ ಸಮಿತಿ ರಚನೆಯಾಯಿತು. ಆದರೂ ಪ್ರಾದೇಶಿಕ ಅಸಮತೋಲನವನ್ನು ತಾಲ್ಲೂಕು ಮಟ್ಟದಲ್ಲಿ ಅಳೆಯಬೇಕು ಅನ್ನುವ ನಂಜುಂಡಪ್ಪನವರ ದಾರಿಯೇ ಸರಿಯಾದ ದಾರಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಅಳತೆ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ಹಂಚುವಾಗ 15ನೇ ಹಣಕಾಸು ಆಯೋಗ ಶೇ 45ರಷ್ಟು ತೂಕವನ್ನು ತಲಾ ಉತ್ಪನ್ನದ ಅಂತರಕ್ಕೆ ಕೊಟ್ಟಿತು. ರಾಜ್ಯ ಶ್ರೀಮಂತವಾಗಿ ಕಂಡಷ್ಟೂ ಪಾಲು ಕಡಿಮೆ. ಕರ್ನಾಟಕದ ಪಾಲು ಶೇ 4.71ರಿಂದ 3.65ಕ್ಕಿಳಿಯಿತು. ಬಡ ರಾಜ್ಯಕ್ಕೆ ಹೆಚ್ಚು ಕೊಡಬೇಕು ಅನ್ನುವ ತತ್ವದ ಬಗ್ಗೆ ನನಗೆ ತಕರಾರಿಲ್ಲ. ಆದರೆ ನಮ್ಮ ಉತ್ಪನ್ನದ ಶೇ 40ರ ಹತ್ತಿರ ಬೆಂಗಳೂರು ನಗರ ಜಿಲ್ಲೆಯೊಂದರದೇ. ಅದನ್ನು ಬದಿಗಿಟ್ಟರೆ ಉಳಿದ ಕರ್ನಾಟಕದ ತಲಾ ಉತ್ಪನ್ನ ರಾಜ್ಯದ ಸರಾಸರಿಗಿಂತ ಸುಮಾರು ಕಾಲು ಭಾಗ ಇಳಿಯುತ್ತದೆ. ಆಗಲೂ ದೇಶದ ಸರಾಸರಿಗಿಂತ ಮೇಲೇ ಇರುತ್ತದೆ, ಅದನ್ನೂ ಮುಚ್ಚಿಡಬಾರದು. ಆದರೆ ಬೆಂಗಳೂರಿನ ಸಾಫ್ಟ್‌ವೇರ್ ಅಂಕಿಯ ಕಾರಣಕ್ಕೆ ಯಾದಗಿರಿಯ ಅಂಗನವಾಡಿಗೆ ಬರುವ ದುಡ್ಡು ಕಡಿಮೆಯಾಗುವುದಾದರೆ ಅಳತೆಯಲ್ಲಿ ಜಿಲ್ಲೆಯೂ ಕಾಣಬೇಕಲ್ವಾ?

ನಿಮ್ಮ ಕೆಲಸಕ್ಕೆ ಯಾವುದು

ಅಂಗಡಿ, ಏಜೆನ್ಸಿ ಹಾಕುವವರು ಒಟ್ಟು ಉತ್ಪನ್ನದ ಜೊತೆಗೆ ರಿಸರ್ವ್ ಬ್ಯಾಂಕಿನ ಜಿಲ್ಲಾವಾರು ಠೇವಣಿ, ಸಾಲದ ಅಂಕಿ ನೋಡಿ. ಠೇವಣಿ ತುಂಬಿದ್ದು ಸಾಲ ಕಡಿಮೆಯಿದ್ದರೆ ಆ ಊರಿನ ದುಡ್ಡು ಬೇರೆ ಕಡೆ ದುಡಿಯುತ್ತಿದೆ ಅಂತ ತಿಳಿಯಬಹುದು.

ಕೆಲಸಕ್ಕಾಗಿ ಊರು ಬದಲಿಸುವವರಿಗೆ ಮೇಲಿನ ಯಾವುದೂ ಹೆಚ್ಚು ಉಪಯೋಗವಿಲ್ಲ. ನಿಮ್ಮ ಸಂಬಳದಲ್ಲಿ ಮನೆ ಬಾಡಿಗೆ, ಮಕ್ಕಳ ಶಾಲೆ ಫೀಸು, ಓಡಾಟದ ಖರ್ಚು ಕಳೆದು ಏನು ಉಳಿಯುತ್ತದೆ ಅದೇ ಅಳತೆ. ತಲಾ ಆದಾಯ ಏಳು ಲಕ್ಷ ದಾಟಿದ ಜಿಲ್ಲೆಯಲ್ಲಿ ತಿಂಗಳಿಗೆ ಇಪ್ಪತ್ತು ಸಾವಿರಕ್ಕೆ ದುಡಿಯುವವರು ಲಕ್ಷಗಟ್ಟಲೆ ಇದ್ದಾರೆ.

ಪಂಚಾಯಿತಿ ಸದಸ್ಯರು, ಸಂಘದವರು ಅನುದಾನ ಕೇಳುವಾಗ ತಲಾ ಆದಾಯ ಬಿಡಿ. ಬಡತನ ಸೂಚ್ಯಂಕದಲ್ಲಿ ನಿಮ್ಮ ಜಿಲ್ಲೆ ಯಾವ ಅಂಶದಲ್ಲಿ ಸೋತಿದೆ, ಪೌಷ್ಟಿಕತೆಯೋ ಶಾಲೆಯೋ ಶೌಚಾಲಯವೋ, ಅದನ್ನು ಹಿಡಿದು ಮನವಿ ಬರೆಯಿರಿ. ಸಂವಿಧಾನದ ವಿಶೇಷ ಸ್ಥಾನಮಾನದ 371ಜೆ ವಿಧಿಯ ವ್ಯಾಪ್ತಿಯ ಕಲ್ಯಾಣ ಕರ್ನಾಟಕದ ಜಿಲ್ಲೆಗಳವರು ಅದಕ್ಕೆ ತಾಲ್ಲೂಕಿನ ಅಂಕಿಯನ್ನೂ ಸೇರಿಸಿ. ಕಲಬುರಗಿ ನಗರದ ಸರಾಸರಿಯ ಹಿಂದೆ ಹಳ್ಳಿ ತಾಲ್ಲೂಕುಗಳು ಮರೆಯಾಗುವುದು ಬೇಡ.

ಪರೀಕ್ಷೆಗೆ ಓದುವವರು ಪ್ರತಿ ಅಂಕಿಯ ಪಕ್ಕದಲ್ಲಿ ನಾಲ್ಕು ಗುರುತು ಹಾಕಿ: ಯಾವ ವರ್ಷ, ಚಾಲ್ತಿ ಬೆಲೆಯೋ ಸ್ಥಿರ ಬೆಲೆಯೋ, ಸವಕಳಿ ಕಳೆದದ್ದೋ ಇಲ್ಲವೋ, ಆಧಾರ ವರ್ಷ (ಸ್ಥಿರ ಬೆಲೆಗೆ ಹಿಡಿದ ವರ್ಷ) ಯಾವುದು. ಜಿಲ್ಲೆಯ ಅಂಕಿಗಳು ಪ್ರತಿ ವರ್ಷ ಬಜೆಟ್ ಸಮಯದಲ್ಲಿ ಬರುವ ಕರ್ನಾಟಕ ಆರ್ಥಿಕ ಸಮೀಕ್ಷೆಯಲ್ಲಿ ಸಿಗುತ್ತವೆ. ಎಲ್ಲ ರಾಜ್ಯಗಳದು ರಿಸರ್ವ್ ಬ್ಯಾಂಕಿನ ರಾಜ್ಯವಾರು ಅಂಕಿಅಂಶಗಳ ಕೈಪಿಡಿಯಲ್ಲಿ ಒಂದೇ ಕಡೆ ಇವೆ. ಎರಡೂ ಉಚಿತ.